ನೂರು ತುಂಬದ ಕಟ್ಟಡಗಳು

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಆವರಣಕ್ಕೆ ಒಮ್ಮೆ ನನ್ನ ವಿದ್ಯಾರ್ಥಿಗಳೊಡನೆ ಹೋಗಿದ್ದೆ. ಒರಟು ಬೂದುಗಲ್ಲಿನ ಗೋಡೆಗಳು, ಮುಗಿಯದಂತೆ ಸಾಗುವ ಮೊಗಸಾಲೆಗಳು. ತಲೆಯ ಮೇಲೆ ಕೆಲವೆಡೆ ಚಾವಣಿ, ಕೆಲವೆಡೆ ಬಳ್ಳಿ ಹಬ್ಬಿದ ಬರಿಯ ತೊಲೆಗಳು, ಅವುಗಳ ಸಂದಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಪಟ್ಟೆಗಳು. “ಇದು ಯಾವ ಅರಸರ ಕಾಲದ್ದು, ಸಾರ್?” ಎಂದು ಒಬ್ಬ ಹುಡುಗ ಕೇಳಿದ. ಉಳಿದವರು ನಕ್ಕರು. ನನಗೇನೋ ಆ ಪ್ರಶ್ನೆ ಅಸಂಬದ್ಧವೆನಿಸಲಿಲ್ಲ.

ಇದನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆಯ ಬಳಿ ಕೆಲಸ ಕಲಿತವರು. ಆದರೆ ಇಲ್ಲಿ ಕಟ್ಟುವಾಗ ಅವರ ಮನಸ್ಸಿನಲ್ಲಿದ್ದುದು ಫತೇಪುರ ಸಿಕ್ರಿಯ ಅಂಗಳಗಳು ಮತ್ತು ಮಧುರೆಯ ದೇವಾಲಯ. ನಮ್ಮ ಪೂರ್ವಕವಿಗಳ ಪರಿಭಾಷೆಯಲ್ಲಿ ಹೇಳುವುದಾದರೆ, ಕಾಂಕ್ರೀಟು ಮಾರ್ಗ. ಈ ನೆಲದ ಕಲ್ಲು, ಬಿಸಿಲು, ಮಳೆಗಾಳಿ ದೇಸಿ.

ಈ ಕೂಡಿಕೆ ದೋಶಿಯವರಿಗಿಂತ ಮೊದಲೇ ಬೆಂಗಳೂರಿಗೆ ಬಂದಿತ್ತು. ಹಿಟ್ಲರನ ಜರ್ಮನಿಯನ್ನು ತೊರೆದು, ಈಜಿಪ್ಟಿನಲ್ಲಿ ಕೆಲಕಾಲವಿದ್ದ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನಶಾಸ್ತ್ರ ವಿಭಾಗ, ಭೋಜನಶಾಲೆ ಅವರ ಕೃತಿಗಳೇ. ಗುಮ್ಮಟ ಕಮಾನುಗಳ ಆಡಂಬರವನ್ನು ಬಿಟ್ಟು, ಬಿಸಿಲು ಎತ್ತಣಿಂದ ಬೀಳುತ್ತದೆ, ಗಾಳಿ ಎತ್ತಣಿಂದ ಹಾಯುತ್ತದೆ ಎಂಬುದರಿಂದಲೇ ಅವರು ಕಟ್ಟಡವನ್ನು ಆರಂಭಿಸುತ್ತಿದ್ದರು. ಉಷ್ಣದೇಶಗಳ ಮನೆಕಟ್ಟುವ ವಿದ್ಯೆಯನ್ನು ಮುಂದೆ ಅವರು ಲಂಡನ್ನಿನಲ್ಲಿ ಬೋಧಿಸಿದರು. 1974ರಲ್ಲಿ ಅದರ ಕೈಪಿಡಿಯೂ ಬಂದಿತು. ವಿದ್ಯೆ ಪಡುವಣದಿಂದ ಮೂಡಣಕ್ಕೇ ಹರಿಯುವುದೆಂದು ನಂಬಿದವರು ಇದನ್ನು ಗಮನಿಸಬೇಕು.

ಇಂತಹ ಕಟ್ಟಡಗಳ ಮುಂದಿನ ಗತಿಯೇನು? 1958ರ ಕೇಂದ್ರ ಕಾನೂನಿನಂತೆ ಪ್ರಾಚೀನ ಸ್ಮಾರಕವೆನಿಸಲು ನೂರು ವರ್ಷವಾದರೂ ತುಂಬಿರಬೇಕು. ಕಲ್ಲುಗುಡಿಗೆ ಈ ನಿಯಮ ಒಪ್ಪುತ್ತದೆ. ಕಾಂಕ್ರೀಟಿನ ಪ್ರಕೃತಿಯೇ ಬೇರೆ. ನೀರಿಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ, ಮೇಲಿನ ಹೊದಿಕೆಯನ್ನು ಸಿಡಿಸುತ್ತದೆ. ಅದಕ್ಕೆ ಆರೈಕೆ ಬೇಕಾದದ್ದು ಐವತ್ತರ ಆಸುಪಾಸಿನಲ್ಲಿ. ಗೌರವ ದೊರೆಯುವುದು ನೂರಕ್ಕೆ. ನಡುವಣ ಅರ್ಧ ಶತಮಾನದಲ್ಲಿ ಅದು ಬರಿಯ ಹಳೆಯ ಕಟ್ಟಡ, ಬೆಲೆಬಾಳುವ ನಿವೇಶನದ ಮೇಲೆ ಕುಳಿತ ಅಡಚಣೆ.

ದೆಹಲಿಯ ಪ್ರಗತಿ ಮೈದಾನದಲ್ಲಿ ಆದದ್ದು ಇದೇ. ರಾಜ್ ರೇವಾಲ್ ರೂಪಿಸಿ, ಇಂಜಿನಿಯರ್ ಮಹೇಂದ್ರ ರಾಜ್ ನಿಲ್ಲಿಸಿದ ‘ಹಾಲ್ ಆಫ್ ನೇಷನ್ಸ್’ 1972ರದು. ಇಂತಹ ಜಾಲಬಂಧವನ್ನು ಅನ್ಯತ್ರ ಉಕ್ಕಿನಲ್ಲಿ ಕಟ್ಟುತ್ತಾರೆ. ಉಕ್ಕು ನಮಗೆ ದುಬಾರಿ, ದುಡಿಯುವ ಕೈಗಳು ಧಾರಾಳ. ಆದುದರಿಂದ ಕೆಲಸಗಾರರು ಕಾಂಕ್ರೀಟನ್ನು ಸ್ಥಳದಲ್ಲಿಯೇ ಎರಕಹೊಯ್ದು ಅದನ್ನು ಮೇಲೆತ್ತಿದರು. ಬಡತನವೇ ಅಲ್ಲಿ ಅಲಂಕಾರವಾಯಿತು. ಪರಂಪರೆಯೆನಿಸಲು 60 ವರ್ಷವಾಗಿರಬೇಕೆಂದು ಅಲ್ಲಿಯ ಸಮಿತಿ ಹೇಳಿತು. ಕಟ್ಟಡಕ್ಕೆ ಆಗ 45. 2017ರ ಏಪ್ರಿಲಿನಲ್ಲಿ ಅದನ್ನು ಕೆಡವಿದರು.

ವಯಸ್ಸಿನ ಬದಲು ಗುಣವನ್ನು ಅಳೆದು ಪಟ್ಟಿ ಮಾಡುವುದು, ಮೂಲ ನಕ್ಷೆಗಳನ್ನು ಜೋಪಾನವಾಗಿಡುವುದು, ತಾರಸಿ ಸೋರುವ ಮೊದಲೇ ದುರಸ್ತಿಗೆ ಹಣ ತೆಗೆದಿಡುವುದು — ಇದಿಷ್ಟಕ್ಕೆ ಯಾವ ಹೊಸ ಶಾಸ್ತ್ರವೂ ಬೇಕಾಗಿಲ್ಲ. ಎಲ್ಲವನ್ನೂ ಉಳಿಸಬೇಕೆಂದು ನಾನು ವಾದಿಸುವುದಿಲ್ಲ. ಆ ಕಾಲದ ಎಷ್ಟೋ ಸರಕಾರಿ ಕಚೇರಿಗಳು ಹುಟ್ಟಿದಂದೇ ಕುರೂಪವಾಗಿದ್ದವು.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗನಿಗೆ ಹೇಳಿದೆ: “ಅರಸರದಲ್ಲಪ್ಪ, ನಿಮ್ಮ ತಾತನ ಕಾಲದ್ದು.” ಅವನು ಕಿಟಕಿಯಿಂದ ತಲೆ ಹೊರಹಾಕಿ ಮತ್ತೊಮ್ಮೆ ನೋಡಿದ.