ಬಿಲ್ಲಿಂಗ್‌ಗೂ ಕ್ಯಾಮೆರಾಗೂ ಒಂದೇ ಕಂಪ್ಯೂಟರ್: ಪ್ರೊಸೆಸರ್ ಯಾವುದು ತಗೊಳ್ಳೋದು?

ನಮ್ಮ ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಹೆಸರು ಬಂದ ಹಣ್ಣಿಗೆ ಕಾವಲೂ ಬೇಕಲ್ಲ! ಶೆಡ್ಡಿಗೆ ನಾಲ್ಕು ಕ್ಯಾಮೆರಾ ಹಾಕಿಸಿದೆ. ಬಿಲ್ಲಿಂಗ್, ರೆಕಾರ್ಡಿಂಗ್ ಎರಡಕ್ಕೂ ಆಗಲಿ ಅಂತ ಕಾರವಾರದಿಂದ ಒಂದು ಹಳೇ ಐ7 ಕಂಪ್ಯೂಟರ್ ತಂದೆ. ಐ7 ಅಂದ್ರೆ ದೊಡ್ಡದು ಅನ್ನೋ ನಂಬಿಕೆ.

ಆದರೆ ನಾಲ್ಕೂ ಕ್ಯಾಮೆರಾ ಪರದೆ ಮೇಲೆ ಇದ್ದರೆ ಬಿಲ್ ಎಂಟ್ರಿ ಮುಂದೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ತಮ್ಮ ಬಿಲ್ ಮಾಡುವಾಗ ಕ್ಯಾಮೆರಾ ಸಾಫ್ಟ್‌ವೇರ್ ಬಂದ್ ಮಾಡಿಡುತ್ತಿದ್ದ. ಒಂದು ಸಂಜೆ ವಾಪಸ್ ಶುರು ಮಾಡೋಕೆ ಮರೆತ. ಅದೇ ರಾತ್ರಿ ಹನ್ನೆರಡು ಕ್ರೇಟ್ ಹಣ್ಣು ಹೋಯ್ತು. ತಮ್ಮನಿಗೆ ಬೈದೆ. ಆಮೇಲೆ ಗೊತ್ತಾಯ್ತು, ತಪ್ಪು ನನ್ನ ಆಯ್ಕೆಯದ್ದು.

ಭಾರ ಎಲ್ಲಿ ಬೀಳುತ್ತದೆ?

ಐಪಿ ಕ್ಯಾಮೆರಾ ವಿಡಿಯೊವನ್ನು ತಾನೇ ಚಿಕ್ಕದು ಮಾಡಿ ಕಳಿಸುತ್ತದೆ. ಅದನ್ನು ಹಾಗೇ ಡಿಸ್ಕಿಗೆ ಬರೆಯೋದು ಹಗುರ ಕೆಲಸ. ಬಿಚ್ಚಿ ಪರದೆ ಮೇಲೆ ತೋರಿಸೋದು, ಅದರಲ್ಲಿ ಅಲುಗಾಟ ಹುಡುಕೋದು ಭಾರದ ಕೆಲಸ. ಈಗಿನ ಬಹಳಷ್ಟು ಕ್ಯಾಮೆರಾಗಳು ಎಚ್.265 ಪದ್ಧತಿ ಬಳಸುತ್ತವೆ. ಹೊಸ ಪ್ರೊಸೆಸರಿನ ಗ್ರಾಫಿಕ್ಸ್ ಭಾಗದಲ್ಲಿ ಅದನ್ನು ಬಿಚ್ಚಲೆಂದೇ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ನಾನು ತಂದಿದ್ದು 2012ರ ಕಾಲದ ಮೂರನೇ ತಲೆಮಾರಿನದು. ಅದರಲ್ಲಿ ಅದಿಲ್ಲ.

ಕೊಳ್ಳುವಾಗ ಇಷ್ಟು ನೋಡಿ

1. ಹೆಸರಿಗಿಂತ ತಲೆಮಾರು ಮುಖ್ಯ. ಐ5-8500 ಅಂದರೆ 8ನೇ ತಲೆಮಾರು, ಐ3-12100 ಅಂದರೆ 12ನೆಯದು. ಸೆಕೆಂಡ್ ಹ್ಯಾಂಡ್ ಆದರೂ 8ಕ್ಕಿಂತ ಹಳೇದು ಬೇಡ. ವಿಂಡೋಸ್ 11ಕ್ಕೂ ಅದೇ ಗಡಿ ಅಂದುಕೊಳ್ಳಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರಿನಲ್ಲೇ ಮುಗಿದಿದೆ.

2. ಇಂಟೆಲ್ ನಂಬರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ಅಗ್ಗ ಅಂತ ಮರುಳಾಗಬೇಡಿ.

3. ನಾಲ್ಕು ಕ್ಯಾಮೆರಾ, ಜೊತೆಗೆ ಬಿಲ್ಲಿಂಗ್ ಅಷ್ಟೇ ಇದ್ದರೆ ನಾಲ್ಕು ಕೋರಿನ ಎನ್100 ಸಾಕು. ಎಂಟು ದಾಟುವುದಾದರೆ ಐ3-12100 ನೋಡಿ. ಅಲುಗಾಟ ಹುಡುಕುವ ಕೆಲಸವನ್ನು ಕ್ಯಾಮೆರಾಗೇ ಬಿಡಿ.

4. ಇದು ದಿನದ 24 ಗಂಟೆ ಓಡುವ ಮಷಿನ್. 80 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 58 ಯೂನಿಟ್, 20 ವ್ಯಾಟ್ ಆದರೆ 14. ಕಡಿಮೆ ಎಳೆಯುವುದಾದರೆ ಕರೆಂಟ್ ಹೋದಾಗ ಯುಪಿಎಸ್ ಕೂಡ ಹೆಚ್ಚು ಹೊತ್ತು ತಡೆಯುತ್ತದೆ. ನಮ್ಮ ಕರಾವಳಿ ಮಳೆಗಾಲಕ್ಕೆ ಇದು ಸಣ್ಣ ಮಾತಲ್ಲ.

5. ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್‌ನಂತೆ ಬರೆದರೆ ನಾಲ್ಕಕ್ಕೆ ದಿನಕ್ಕೆ ಸುಮಾರು 86 ಜಿಬಿ. 2 ಟಿಬಿ ಡಿಸ್ಕ್ ಇಪ್ಪತ್ತು ದಿನ ದಾಟುತ್ತದೆ. ಮಿನಿ ಪಿಸಿಯಾದರೆ ಅಷ್ಟು ದೊಡ್ಡ ಡಿಸ್ಕ್ ಒಳಗೆ ಕೂರುತ್ತದಾ ಅಂತ ಮೊದಲೇ ಕೇಳಿ.

ಬಿಲ್ಲಿಂಗ್ ಕೆಲಸವೇ ಇಲ್ಲ, ಕ್ಯಾಮೆರಾ ಮಾತ್ರ ಅಂದ್ರೆ ಕಂಪ್ಯೂಟರೇ ಬೇಡ ಮಾರಾಯ್ರೆ. ಎನ್‌ವಿಆರ್ ಪೆಟ್ಟಿಗೆ ಸಾಕು.

ತಂದ ದಿನವೇ ಎರಡು ಕೆಲಸ ಮಾಡಿ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ ಸೆಟ್ ಮಾಡಿಸಿ. ಕ್ಯಾಮೆರಾ ಸಾಫ್ಟ್‌ವೇರ್ ಕೂಡ ಜೊತೆಗೇ ಶುರುವಾಗಬೇಕು.

ಈಗ ನಮ್ಮಲ್ಲಿರೋದು ಎನ್100. ತಮ್ಮ ಬಿಲ್ ಮಾಡುತ್ತಾನೆ, ಪಕ್ಕದಲ್ಲಿ ಕ್ಯಾಮೆರಾ ಓಡುತ್ತಲೇ ಇರುತ್ತದೆ. ಆದರೂ ವಾರಕ್ಕೊಮ್ಮೆ ಹಿಂದಿನ ರಾತ್ರಿ 2 ಗಂಟೆಯ ವಿಡಿಯೊ ಮೊಬೈಲಿನಲ್ಲಿ ತೆಗೆದು ನೋಡುತ್ತೇನೆ. ನೀವೂ ಇವತ್ತೇ ಒಮ್ಮೆ ನೋಡಿ, ನಿಮ್ಮದರಲ್ಲಿ ನಿನ್ನೆಯ ರಾತ್ರಿ ಇದೆಯಾ?