ಫೋನಿಗೂ ಬೇಕು ಒಗ್ಗರಣೆ ಡಬ್ಬಿಯ ಶಿಸ್ತು

ಕರೆಂಟು ಹೋದರೂ ಅಡಿಗೆಮನೆಯಲ್ಲಿ ಸಾಸಿವೆ ಎಲ್ಲಿ, ಜೀರಿಗೆ ಎಲ್ಲಿ ಎಂಬುದು ನಿಮ್ಮ ಕೈಗೆ ಗೊತ್ತು. ಎಣ್ಣೆ ಕಾದ ಮೇಲೆ ಯಾರಾದರೂ ಸಾಸಿವೆ ಹುಡುಕುತ್ತಾ ನಿಲ್ಲುತ್ತಾರೆಯೇ? ಆದರೆ ದಿನವಿಡೀ ಜೊತೆಗಿರುವ ಫೋನಿನ ವಿಷಯದಲ್ಲಿ ನಾವು ಮಾಡುವುದು ಅದನ್ನೇ. ಅಂಗಡಿಯಿಂದ ತಂದಾಗ ಪರದೆ ಹೇಗಿತ್ತೋ ಇಂದಿಗೂ ಹಾಗೇ ಇದೆ, ಅಲ್ವೇ?

ಕಳೆದ ಮಳೆಗಾಲದಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾನು ಎರಡು ಬೀದಿಯಾಚೆ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಹೇಗೋ ತೆವಳಿಕೊಂಡು ಬಂದು ಮಂಚದ ಮೇಲಿದ್ದ ಫೋನು ತೆಗೆದುಕೊಂಡರಂತೆ. ಕನ್ನಡಕ ಇಲ್ಲ, ಕೈ ನಡುಕ. ಇನ್ನೂರು ಹೆಸರುಗಳ ನಡುವೆ ನನ್ನ ಹೆಸರು ಕಾಣಲೇ ಇಲ್ಲ. ನಾನು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. “ಫೋನು ಕೈಯಲ್ಲೇ ಇತ್ತು ಕಣೇ, ನೀನೇ ಸಿಗಲಿಲ್ಲ” ಅಂದರು.

ದೇವರ ದಯೆ, ಮೂಳೆ ಮುರಿದಿರಲಿಲ್ಲ. ಆ ರಾತ್ರಿಯೇ ಮಗಳನ್ನು ಕೂರಿಸಿಕೊಂಡು ಅತ್ತೆಯ ಫೋನನ್ನು ಅಚ್ಚುಕಟ್ಟು ಮಾಡಿದೆ. ನೀವೂ ಮಾಡಬಹುದು. ಕಾಫಿ ಆರುವಷ್ಟು ಹೊತ್ತು ಸಾಕು.

ಮುಖ ಒತ್ತಿದರೆ ಕರೆ: ಆಂಡ್ರಾಯ್ಡ್ ಫೋನಾದರೆ, ಹೋಮ್ ಸ್ಕ್ರೀನ್ ಅನ್ನುವ ಮೊದಲ ಪರದೆಯ ಖಾಲಿ ಜಾಗವನ್ನು ಒತ್ತಿ ಹಿಡಿಯಿರಿ. ‘ವಿಜೆಟ್ಸ್’ ಎಂದು ಬರುತ್ತದೆ. ಅದರಲ್ಲಿ ಕಾಂಟ್ಯಾಕ್ಟ್ಸ್ ಕೆಳಗೆ ಸಾಮಾನ್ಯವಾಗಿ ‘ಡೈರೆಕ್ಟ್ ಡಯಲ್’ ಇರುತ್ತದೆ. ಅದನ್ನು ಪರದೆಗೆ ಎಳೆದು ತಂದು ಬೇಕಾದ ಹೆಸರು ಆರಿಸಿ. ಆ ಹೆಸರಿಗೆ ಮೊದಲೇ ಫೋಟೋ ಸೇರಿಸಿದ್ದರೆ ಇನ್ನೂ ಒಳ್ಳೆಯದು. ಓದುವ ಗೋಜಿಲ್ಲ, ಮುಖ ನೋಡಿ ಒತ್ತಿದರಾಯಿತು. ಇಂಥವು ಮೂರು-ನಾಲ್ಕು ಸಾಕು; ಹೆಚ್ಚಾದರೆ ಮತ್ತೆ ಸಂತೆಯೇ.

ಬೇಡದ್ದನ್ನು ತೆಗೆಯಿರಿ: ಬಳಸದ ಚಿತ್ರಗಳನ್ನು ಒತ್ತಿ ಹಿಡಿದು ‘ರಿಮೂವ್’ ಎಂಬಲ್ಲಿಗೆ ಸರಿಸಿ. ‘ಅನ್‌ಇನ್‌ಸ್ಟಾಲ್’ ಎಂದಿದ್ದರೆ ಮಾತ್ರ ಜೋಕೆ, ಆ್ಯಪೇ ಅಳಿಸಿಹೋಗುತ್ತದೆ!

ಗುಂಡಿಯೋ, ಸವರುವುದೋ? 2019ರ ಆಂಡ್ರಾಯ್ಡ್ 10ರಿಂದೀಚೆಗೆ ಪರದೆಯ ಅಂಚಿನಿಂದ ಒಳಕ್ಕೆ ಸವರಿದರೆ ಹಿಂದಕ್ಕೆ, ಕೆಳಗಿನಿಂದ ಮೇಲಕ್ಕೆ ಸವರಿದರೆ ಮೊದಲ ಪರದೆಗೆ ಹೋಗುವ ಏರ್ಪಾಡು ಬಂದಿದೆ. ಮಕ್ಕಳಿಗೆ ಸಲೀಸು, ಹಿರಿಯರಿಗೆ ಪೀಕಲಾಟ. ಸೆಟ್ಟಿಂಗ್ಸ್‌ನಲ್ಲಿ ‘ನ್ಯಾವಿಗೇಷನ್’ ಎಂದು ಹುಡುಕಿ, ಹಳೆಯ ಮೂರು ಗುಂಡಿಗಳನ್ನೇ ಮರಳಿ ತರಿಸಿಕೊಡಿ.

ಆಪತ್ತಿಗೆ ಐದು ಒತ್ತು: ಆಂಡ್ರಾಯ್ಡ್ 12 ಮತ್ತು ಅದಕ್ಕಿಂತ ಹೊಸದಾದ ಹಲವು ಫೋನುಗಳಲ್ಲಿ, ಪವರ್ ಗುಂಡಿಯನ್ನು ಬೇಗಬೇಗ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವಂತೆ ಮಾಡಬಹುದು. ನಮ್ಮ ದೇಶದಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112 ಒಂದೇ ಸಂಖ್ಯೆ. ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ’ ಎಂದು ಹುಡುಕಿ, ನಿಮ್ಮ ಫೋನಿನಲ್ಲಿ ಅದು ಹೇಗಿದೆ ನೋಡಿಕೊಳ್ಳಿ. ಪರೀಕ್ಷೆಗೆಂದು ಒತ್ತಬೇಡಿ, ಫೋನು ಪುಟ್ಟ ಮಕ್ಕಳ ಕೈಯಲ್ಲಿದ್ದಾಗ ಗಮನವಿರಲಿ.

ಕೊನೆಯದಾಗಿ, ಎಲ್ಲ ಮಾಡಿಟ್ಟು ಸುಮ್ಮನಾಗಬೇಡಿ. ಅತ್ತೆಗೋ ಅಮ್ಮನಿಗೋ ಕನ್ನಡಕ ತೆಗೆಸಿ, ಫೋನಿನ ಬೀಗ ತೆರೆಯುವುದರಿಂದ ಹಿಡಿದು ನಿಮಗೆ ಕರೆ ಮಾಡುವವರೆಗೆ ಅವರ ಕೈಯಿಂದಲೇ ಮಾಡಿಸಿ. ಎರಡು-ಮೂರು ದಿನ ರೂಢಿಯಾಗಲಿ.

ನಮ್ಮತ್ತೆ ಈಗ ನಾನು ತರಕಾರಿಗೆ ಹೋದರೂ ಕರೆ ಮಾಡುತ್ತಾರೆ. ಗಾಬರಿಯಿಂದ “ಏನಾಯ್ತು?” ಅಂದರೆ, “ಏನಿಲ್ಲ, ಸಿಗ್ತೀಯೋ ಇಲ್ವೋ ನೋಡ್ದೆ” ಅಂತಾರೆ. ನಾನು ಒಂದು ದಿನವೂ ಬೇಸರಪಟ್ಟುಕೊಂಡಿಲ್ಲ.