ಅಡಕೆಯ ಕೊಳೆರೋಗ

ಮುಂಗಾರಿನ ಮಳೆ ಮಲೆನಾಡಿನ ಗದ್ದೆಗೆ ವರ. ಅಡಕೆಯ ತೋಟಕ್ಕಾದರೋ ಅದು ಭಯವನ್ನೂ ಜೊತೆಗೆ ಹೊತ್ತು ತರುತ್ತದೆ. ಆಷಾಢದ ಜಡಿಮಳೆ ಹಿಡಿದು ನಾಲ್ಕಾರು ದಿನ ಕಳೆಯಿತೆಂದರೆ ತೋಟದ ಒಡೆಯನು ಬೆಳಗ್ಗೆ ಎದ್ದೊಡನೆ ಮರಗಳ ಬುಡವನ್ನು ನೋಡಲು ಹೊರಡುತ್ತಾನೆ. ಅಲ್ಲಿ ಹಸಿರು ಕಾಯಿಗಳು ಉದುರಿದ್ದು, ತೊಟ್ಟಿನ ಬಳಿ ನೀರು ಕುಡಿದಂತಹ ಕಡುಹಸಿರು ಕಲೆ ಕಂಡರೆ ಅವನ ಎದೆ ಕುಸಿಯುತ್ತದೆ. ಕೆಲವು ದಿನಗಳಲ್ಲಿ ಆ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ಇದೇ ಕೊಳೆರೋಗ. ಕರಾವಳಿಯ ಕಡೆ ಇದಕ್ಕೆ ಮಹಾಳಿ ಎಂಬ ಹೆಸರೂ ಉಂಟು. ವಿಜ್ಞಾನದ ಗ್ರಂಥಗಳು ಈ ರೋಗವನ್ನು ನಮ್ಮ ಕನ್ನಡದ ಹೆಸರಿನಿಂದಲೇ ಕರೆಯುವುದು ಸ್ವಾರಸ್ಯಕರವಾದ ಸಂಗತಿ.

ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಹೆಸರು ಫೈಟಾಫ್ತೊರ. ಗ್ರೀಕ್ ಭಾಷೆಯಲ್ಲಿ 'ಸಸ್ಯನಾಶಕ' ಎಂದು ಅದರ ಅರ್ಥ. ಬಹುಕಾಲ ಇದನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು. ಇಂದಿನ ವಿಜ್ಞಾನಿಗಳು ಇದನ್ನು ಶಿಲೀಂಧ್ರವನ್ನು ಹೋಲುವ, ಆದರೆ ಕೆಲವು ಪಾಚಿಗಳಿಗೆ ಹತ್ತಿರದ ಬೇರೊಂದು ಗುಂಪಿಗೆ ಸೇರಿಸಿದ್ದಾರೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಯನ್ನು ಕೊಳೆಯಿಸಿ, ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಜೀವಿಯೂ ಇದೇ ವಂಶದ್ದು.

ಈ ಜೀವಿಯ ಬಲವೆಲ್ಲ ನೀರಿನಲ್ಲಿದೆ. ಸೋಂಕಿದ ಕಾಯಿಯ ಮೇಲೆ ಹುಟ್ಟುವ ಬೀಜಾಣುಗಳು ನೀರಿನ ತೆಳುಪದರದಲ್ಲಿ ಈಜಬಲ್ಲವು. ಗಾಳಿಯೊಡನೆ ಬಡಿಯುವ ಮಳೆಯ ಹನಿಗಳು ಅವುಗಳನ್ನು ಗೊನೆಯಿಂದ ಗೊನೆಗೆ, ಮರದಿಂದ ಮರಕ್ಕೆ ಒಯ್ಯುತ್ತವೆ. ಎಡೆಬಿಡದ ಮಳೆ, ತಂಪು ಹವೆ, ನಡುನಡುವೆ ಇಣುಕುವ ಬಿಸಿಲು ಇವು ಕೂಡಿದಾಗ ರೋಗವು ಬೇಗ ಹರಡುತ್ತದೆ. ಮಳೆ ನಿಂತು ತೋಟ ಒಣಗಿದರೂ ಅದು ಸಾಯುವುದಿಲ್ಲ. ಬಿದ್ದ ಕಾಯಿಗಳಲ್ಲಿ, ಮರದಲ್ಲಿಯೇ ಒಣಗಿ ನಿಂತ ಗೊನೆಗಳಲ್ಲಿ ಅಡಗಿದ್ದು ಮುಂದಿನ ಮಳೆಗಾಲವನ್ನು ಕಾಯುತ್ತದೆ.

ಹಿಂದಿನ ಕಾಲದ ಮಲೆನಾಡಿಗರು ಗೊನೆಗೆ ಮಳೆ ತಾಗದಂತೆ 'ಕೊಟ್ಟೆ' ಕಟ್ಟುತ್ತಿದ್ದರು. ಗೊನೆಗೊಂದರಂತೆ ಹೊದಿಕೆ ಹೆಣೆದು, ಮರಮರವನ್ನೂ ಏರಿ ಕಟ್ಟುವುದು ಬಹಳ ಶ್ರಮದ ಕೆಲಸ. ರೋಗದ ಕಾರಣವನ್ನು ಅವರು ಕಂಡಿರಲಿಲ್ಲ. ಆದರೂ ಉಪಾಯವು ಕಾರಣಕ್ಕೆ ನೇರವಾಗಿ ತಾಗಿತ್ತು! 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕೂಲಂಕಷವಾಗಿ ಅಭ್ಯಸಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಬೆಳೆಯನ್ನು ಉಳಿಸಬಹುದೆಂದು ಅವರು ತೋರಿಸಿಕೊಟ್ಟರು.

ಈ ದ್ರಾವಣಕ್ಕೂ ಒಂದು ಕಥೆಯಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟುರೋಗ ತಗುಲದಿದ್ದುದನ್ನು ಮಿಲಾರ್ದೆ ಎಂಬ ಪ್ರಾಧ್ಯಾಪಕರು ಗಮನಿಸಿದರು. ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಇಂದಿಗೂ ನಮ್ಮ ತೋಟಗಳಲ್ಲಿ ಬಳಕೆಯಲ್ಲಿರುವುದು ಇದೇ ಔಷಧಿ. ಒಂದು ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಅಷ್ಟೇ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಶುಭ್ರವಾದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿದಾಗ ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದೆಂದು ತಿಳಿಯಬೇಕು.

ಈ ದ್ರಾವಣವು ರೋಗವನ್ನು ಗುಣಪಡಿಸಲಾರದು. ಕಾಯಿಯ ಹೊರಮೈಯಲ್ಲಿ ತಾಮ್ರದ ತೆಳುಪದರವಾಗಿ ನಿಂತು, ಬಂದು ಬಿದ್ದ ಬೀಜಾಣುವನ್ನು ಮೊಳೆಯದಂತೆ ತಡೆಯುವುದಷ್ಟೇ ಅದರ ಕೆಲಸ. ಆದ್ದರಿಂದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನವೇ ಮುಗಿಯಬೇಕು. ಮಳೆಗೆ ಈ ಲೇಪ ಕ್ರಮೇಣ ತೊಳೆದುಹೋಗುವುದರಿಂದ 40–45 ದಿನಗಳ ಬಳಿಕ ಎರಡನೆಯ ಬಾರಿ, ಮಳೆಗಾಲ ನೀಳವಾದರೆ ಮೂರನೆಯ ಬಾರಿ ಸಿಂಪಡಿಸುವರು. ಹಾಗೆಂದು ಲೆಕ್ಕವಿಲ್ಲದೆ ಸುರಿಯುವುದೂ ತರವಲ್ಲ. ತಾಮ್ರವು ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಅನೇಕ ಬೆಳೆಗಾರರು ಮನೆಯಂಗಳದಲ್ಲಿ ಮಳೆಮಾಪಕವನ್ನಿಟ್ಟು ದಿನದಿನದ ಮಳೆಯನ್ನು ಬರೆದಿಡುತ್ತಾರೆ. ಮಳೆ ಬಿಡುವು ಕೊಡುವ ಒಂದೆರಡು ದಿನಗಳಲ್ಲಿಯೇ ಜಾರುವ ಮರವನ್ನು ಏರಬಲ್ಲ ನುರಿತ ಕೊನೆಗಾರರು ದೊರೆಯಬೇಕು. ಅಂಥವರ ಸಂಖ್ಯೆ ಕಡಿಮೆಯಾಗಿರುವುದರಿಂದ, ಇತ್ತೀಚೆಗೆ ನೆಲದಲ್ಲಿಯೇ ನಿಂತು ಉದ್ದನೆಯ ಹಗುರವಾದ ದೋಟಿಯಿಂದ ಸಿಂಪಡಿಸುವ ಕ್ರಮವೂ ಬಂದಿದೆ.

ಉದುರಿದ ಕಾಯಿಗಳನ್ನು ಆಗಾಗ ಆರಿಸಿ ತೆಗೆದು ನಾಶಪಡಿಸುವುದು ಸಣ್ಣ ಕೆಲಸವೆಂದು ತೋರಬಹುದು. ಆದರೆ ಒಬ್ಬನು ಅದನ್ನು ಅಲಕ್ಷಿಸಿದರೆ ಬೇಲಿಯಾಚೆಯ ತೋಟಕ್ಕೂ ಕೇಡು; ಮಳೆಗಾಳಿಗೆ ಬೇಲಿಯ ತಡೆಯೆಲ್ಲಿ?

ಕಾಯಿಯ ನಷ್ಟ ಒಂದು ವರ್ಷದ್ದು. ರೋಗವು ಮರದ ಸುಳಿಗೆ ಇಳಿದರೆ ಮರವೇ ಹೋಗುತ್ತದೆ, ಏಕೆಂದರೆ ಅಡಕೆ ಮರಕ್ಕೆ ಬೆಳೆಯುವ ತುದಿ ಇರುವುದು ಒಂದೇ. ಸುಳಿಯ ಎಲೆ ಹಳದಿಗೆ ತಿರುಗಿದೊಡನೆ ಕೊಳೆತ ಭಾಗವನ್ನು ಕೊರೆದು ತೆಗೆದು ಬೋರ್ಡೋ ಮುಲಾಮು ಹಚ್ಚಿದರೆ ಮರ ಚೇತರಿಸಿಕೊಳ್ಳುವುದುಂಟು. ಎಳೆದರೆ ಸುಳಿಯೇ ಕಿತ್ತು ಕೈಗೆ ಬರುವಂತಾದಾಗ ಅದನ್ನು ಕಡಿದು, ತಲೆಯ ಭಾಗವನ್ನು ಸುಟ್ಟುಬಿಡುವರು.